ಕತ್ತರಿ ಹಿಡಿದ ಕೈಗೆ ಹೆಸರು ಬೇಡವೇ?

ನಿಮ್ಮ ಮನೆಯಲ್ಲಿ ಕೌದಿ ಇದೆಯೇ? ಇದ್ದೇ ಇರುತ್ತದೆ ಬಿಡಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ... ಈ ಸೀಮೆಯಲ್ಲಿ ಕೌದಿ ಇಲ್ಲದ ಮನೆ ಹುಡುಕಹೊರಟರೆ ಚಪ್ಪಲಿ ಸವೆದೀತು. ಮಂಚದ ಮೇಲೆ ಈಗ ಮಿಲ್ಲಿನ ಹೊದಿಕೆ ಬಂದು ಕೌದಿ ಅಟ್ಟ ಸೇರಿದೆಯೋ ಏನೋ. ಆದರೂ ಬಾಣಂತಿ ಕೋಣೆಗೆ, ಎಳೆಗೂಸಿನ ಕೆಳಗೆ ಹಾಸುವುದಕ್ಕೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ಬಿಡುವಾದಾಗ ಅದನ್ನೊಮ್ಮೆ ಹೊರಗೆ ತೆಗೆದು ಕಟ್ಟೆಯ ಮೇಲೆ ಹರವಿ ನೋಡಿರಿ. ಹೊದೆಯುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ.

ಒಂದು ಮೂಲೆಯಲ್ಲಿ ಅಜ್ಜಿಯ ಇಳಕಲ್ ಪತ್ತಲದ ಸೆರಗು. ಅದರ ಮಗ್ಗುಲಿಗೆ ಗುಳೇದಗುಡ್ಡದ ಖಣದ ತುಂಡು, ಯಾರದೋ ಕುಬಸ ಹೊಲಿದು ಉಳಿದದ್ದು. ನಡುವೆ ಮಾವನವರ ಧೋತರ, ಹುಡುಗನ ಖಾಕಿ ಚಡ್ಡಿ, ತಂಗಿಯ ಲಂಗದ ಹೂವು. ಯಾವುದೂ ಕೊಂಡು ತಂದದ್ದಲ್ಲ, ಎಲ್ಲವೂ ಹರಿದು ಹೋದದ್ದೇ. ಆದರೆ ಕೆಂಪಿನ ಪಕ್ಕಕ್ಕೆ ಹಸಿರು ಬಂದಿದೆ. ಎರಡು ಕಡುಬಣ್ಣದ ನಡುವೆ ಕಣ್ಣಿಗೆ ತಂಪಾಗುವಂತೆ ಒಂದು ಬಿಳಿಯ ಪಟ್ಟಿ ಇದೆ. ಚೌಕದೊಳಗೆ ಚೌಕ, ಅಂಚಿಗೆ ಸಾಲು ಮುಕ್ಕೋನ. ಇದೆಲ್ಲ ತಾನಾಗಿ ಆಗುವ ಕೆಲಸವೇ? ಯಾವ ತುಂಡು ಎಲ್ಲಿ ಕೂಡಬೇಕೆಂದು ಯಾರೋ ಕುಳಿತು ಯೋಚಿಸಿದ್ದಾರೆ, ಇಟ್ಟು ನೋಡಿದ್ದಾರೆ, ಸರಿಯಿಲ್ಲವೆಂದು ತೆಗೆದಿದ್ದಾರೆ, ಮತ್ತೆ ಇಟ್ಟಿದ್ದಾರೆ.

ಯಾರವರು? ಕೇಳಿ ನೋಡಿ. "ಅಜ್ಜೀನ ಹೊಲಿದಿರಬೇಕ್ರಿ" ಎನ್ನುತ್ತಾರೆ. ಇಲ್ಲವೇ, "ಊರಿಗೆ ಬರತಿದ್ಲಲ್ಲ, ಕೌದಿ ಹೊಲಿಯೋ ಅವ್ವ, ಆಕಿ ಹೊಲಿದು ಕೊಟ್ಟಿದ್ಲು" ಎನ್ನುತ್ತಾರೆ. ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಗದಗಿನ ಮಗ್ಗುಲಲ್ಲೇ ಇರುವ ನಾಗಾವಿಯನ್ನೇ ತೆಗೆದುಕೊಳ್ಳಿ. 2016ರ ಕಾಯಿದೆಯಿಂದ ಹುಟ್ಟಿದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅಲ್ಲಿ ನೆಲೆ ನಿಂತ ಮೇಲೆ ಆ ಪುಟ್ಟ ಊರಿನ ಹೆಸರು ದೂರದೂರಿಗೂ ಮುಟ್ಟಿದೆ. ಅಲ್ಲಿ ಕಟ್ಟಿರುವ ಸಾಬರಮತಿ ಆಶ್ರಮದ ಪ್ರತಿರೂಪ ನೋಡಲು ಜನ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಹೋಗುವ ದಾರಿಯಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ ಕೌದಿ ಕಂಡರೆ ಗಾಡಿ ನಿಲ್ಲಿಸಿ ನೋಡುವವರು ಎಷ್ಟು ಮಂದಿ?

ಇದೇ ಕೆಲಸವನ್ನು ಬಟ್ಟೆಯ ಬದಲು ಕಾಗದದಲ್ಲಿ ಮಾಡಿ, ಚೌಕಟ್ಟು ಹಾಕಿ, ದೊಡ್ಡ ಊರಿನ ಗ್ಯಾಲರಿಯ ಗೋಡೆಗೆ ತೂಗುಹಾಕಿದರೆ ಅದಕ್ಕೆ 'ಕೊಲಾಜ್' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ 'ಕೊಲೆ' ಎಂದರೆ ಅಂಟಿಸುವುದು. (ನಮ್ಮ ಕೊಲೆಗೂ ಇದಕ್ಕೂ ಸಂಬಂಧವಿಲ್ಲ, ಗಾಬರಿಯಾಗಬೇಡಿ!) ಚಿತ್ರಕಲೆಯ ಪುಸ್ತಕಗಳನ್ನು ತೆರೆದರೆ ಇದು 1912ರಲ್ಲಿ ಪಿಕಾಸೋ ಮತ್ತು ಬ್ರಾಕ್ ಎಂಬಿಬ್ಬರು ಮಹಾಶಯರಿಂದ ಆರಂಭವಾಯಿತೆಂದು ಬರೆದಿರುತ್ತದೆ. ಪಿಕಾಸೋ ಬೆತ್ತದ ಹೆಣಿಗೆಯ ಅಚ್ಚಿದ್ದ ಒಂದು ಮೇಣಗಾಪಡವನ್ನು ಚಿತ್ರದ ಮೇಲೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ. ಬ್ರಾಕ್ ಮರದ ಗೆರೆಯಂತೆ ಅಚ್ಚಾದ ಗೋಡೆಕಾಗದವನ್ನು ಕತ್ತರಿಸಿ ಅಂಟಿಸಿದ. ಅಷ್ಟಕ್ಕೇ ಜಗತ್ತಿನ ಕಲೆ ಒಂದು ಹೊಸ ತಿರುವು ಪಡೆಯಿತಂತೆ. ಪಡೆದಿರಲಿ, ಅವರ ಪ್ರತಿಭೆಗೆ ನಮ್ಮದೇನೂ ತಕರಾರಿಲ್ಲ. ಆದರೆ ತುಂಡು ತುಂಡು ಕೂಡಿಸಿ ಚಂದ ಮಾಡುವ ವಿದ್ಯೆ ಅದಕ್ಕೂ ಎಷ್ಟೋ ಹಿಂದೆಯೇ ಹೆಣ್ಣುಮಕ್ಕಳ ಕೈಯಲ್ಲಿತ್ತು ಎಂಬುದನ್ನೂ ಆ ಪುಸ್ತಕಗಳು ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

ಎಪ್ಪತ್ತೆರಡರಲ್ಲಿ ಹಿಡಿದ ಕತ್ತರಿ

ಇಂಗ್ಲೆಂಡಿನ ಮೇರಿ ಡಿಲೇನಿಯ ಕಥೆ ಕೇಳಿ. 1700ರಲ್ಲಿ ಹುಟ್ಟಿದವಳು. ಹದಿನೇಳು ವರ್ಷಕ್ಕೆ ಮನೆಯವರು ಅರವತ್ತರ ಆಸುಪಾಸಿನ ವರನಿಗೆ ಕಟ್ಟಿದರು. ಇಪ್ಪತ್ತೈದು ತುಂಬುವ ಮೊದಲೇ ವಿಧವೆ. ಮುಂದೆ ಎಷ್ಟೋ ವರ್ಷದ ಮೇಲೆ, ತಾನೇ ಮೆಚ್ಚಿ ಇನ್ನೊಂದು ಮದುವೆಯಾದಳು. ಆ ಸಂಸಾರ ಸುಖವಾಗಿಯೇ ನಡೆಯಿತು. 1768ರಲ್ಲಿ ಆತನೂ ತೀರಿಕೊಂಡ. ಗೆಳತಿಯ ಮನೆಯಲ್ಲಿ ದುಃಖದ ದಿನಗಳನ್ನು ದೂಡುತ್ತಿದ್ದಾಗ, 1772ರಲ್ಲಿ ಒಂದು ದಿನ, ಹೂವಿನ ಪಕಳೆಯ ಬಣ್ಣಕ್ಕೂ ಹತ್ತಿರವೇ ಇದ್ದ ಒಂದು ಕೆಂಪು ಕಾಗದದ ತುಂಡಿಗೂ ಇದ್ದ ಹೋಲಿಕೆ ಅವಳ ಕಣ್ಣಿಗೆ ಬಿತ್ತು. ಕತ್ತರಿ ತೆಗೆದುಕೊಂಡು ಆ ಕಾಗದದಿಂದ ಪಕಳೆ ಕತ್ತರಿಸಿದಳು. ಗೆಳತಿ ಬಂದು ನೋಡಿದವಳು ನಿಜವಾದ ಹೂವನ್ನೇ ಬಿಡಿಸಿ ಅಂಟಿಸುತ್ತಿದ್ದಾಳೆ ಎಂದುಕೊಂಡಳಂತೆ!

ಆಗ ಆಕೆಗೆ ವಯಸ್ಸು ಎಪ್ಪತ್ತೆರಡು. ಅಲ್ಲಿಂದ ಹತ್ತು ವರ್ಷ, ಕಣ್ಣು ಮಂಜಾಗುವ ತನಕ, ಒಂದರ ಮೇಲೊಂದು ಹೂವು ಮಾಡುತ್ತಲೇ ಹೋದಳು. ಕಪ್ಪು ಕಾಗದದ ಮೇಲೆ ಬಣ್ಣ ಬಣ್ಣದ ತೆಳು ಕಾಗದದ ಚೂರುಗಳು. ಒಂದೇ ಹೂವಿಗೆ ಇನ್ನೂರಕ್ಕೂ ಹೆಚ್ಚು ಚೂರು ಹಿಡಿದದ್ದುಂಟು. ಮೊದಲು ಚಿತ್ರ ಬರೆದುಕೊಳ್ಳುವ ಗೋಜೇ ಇಲ್ಲ, ಗಿಡವನ್ನು ಎದುರಿಗಿಟ್ಟುಕೊಂಡು ನೇರವಾಗಿ ಕತ್ತರಿ ಆಡಿಸುವುದು. ಹೀಗೆ ಸಾವಿರಕ್ಕೆ ಕೆಲವೇ ಕಡಿಮೆ ಹೂಗಳಾದವು. ಅವೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. "ಇನ್ನೇನು ನಮ್ಮ ಕೈಲಾದೀತು, ವಯಸ್ಸಾಯಿತು" ಎಂದು ನಲವತ್ತೈದಕ್ಕೇ ಕೈಚೆಲ್ಲುವ ಅಕ್ಕಂದಿರು ಇದನ್ನು ಎರಡು ಸಲ ಓದಿರಿ.

ನಮ್ಮದೇ ಕಾಡಿನ ಕೌದಿ

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಗೇ ಬನ್ನಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ಧಿ ಜನಾಂಗದವರಿದ್ದಾರೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಈ ನಾಡಿಗೆ ಬಂದವರ ಪೀಳಿಗೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಮನೆಯ ಹೆಂಗಸರು ಹೊಲಿಯುವ ಕೌದಿಗೆ 'ಕವಂದಿ' ಎನ್ನುತ್ತಾರೆ. ಒಂದು ಮೂಲೆಯಿಂದ ಹಿಡಿದು, ಅಂಚಿನಗುಂಟ ಸುತ್ತುತ್ತ ಸುತ್ತುತ್ತ, ಕಡೆಗೆ ನಡುವಿಗೆ ಬಂದು ಮುಟ್ಟುವುದು ಅವರ ಪದ್ಧತಿ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ಮುಕ್ಕೋನದ 'ಫೂಲ' ಕೂಡಿಸಲೇಬೇಕು. ಅದಿಲ್ಲದಿದ್ದರೆ ಕೌದಿ ಬತ್ತಲೆ ಇದ್ದ ಹಾಗಂತೆ! ಇನ್ನೊಂದು ಮಾತು ಕೇಳಿದರೆ ನೀವು ಖಂಡಿತ ಮೆಚ್ಚುತ್ತೀರಿ. ಕಡೆಯ ತುಂಡು ಹೊಲಿಯುವ ಮೊದಲು ಅದರ ಕೆಳಗೆ ನಾಲ್ಕು ಕಾಳು ಅಕ್ಕಿ ಇಡುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದಲ್ಲ!

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಬೆನ್ನುಹತ್ತಿ ಬಂದು, ಹೊಲಿದವರೊಂದಿಗೆ ಕುಳಿತು, ಯಾವುದನ್ನು ಯಾರು ಹೊಲಿದರೆಂದು ಬರೆದುಕೊಂಡರು. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೇ ಆಯಿತು. ಗದಗ ಜಿಲ್ಲೆಯ ಕೌದಿಗೂ, ನಮ್ಮ ತಾಂಡಾಗಳ ಹೆಣ್ಣುಮಕ್ಕಳು ಕನ್ನಡಿ, ಕವಡೆ, ಬಣ್ಣದ ತುಂಡು ಕೂಡಿಸಿ ಮಾಡುವ ಲಂಬಾಣಿ ಕಸೂತಿಗೂ ಕೂತು ಹೀಗೆ ಹೆಸರು ಬರೆದುಕೊಳ್ಳುವವರು ಬೇಕಾಗಿದ್ದಾರೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಈ ಕೆಲಸ ಅವಳಿಗೆ ಹೇಳಿ. ನೋಟ್ ಪುಸ್ತಕ, ಪೆನ್ನು, ಒಂದು ಮೊಬೈಲು ಸಾಕು.

ಹೆಂಗಸರ ಪತ್ರಿಕೆಯ ಮೇಜಿನಿಂದ

ಈಗ ನಾನು ಹೇಳಬೇಕೆಂದುಕೊಂಡಿದ್ದ ಮುಖ್ಯ ಕಥೆಗೆ ಬರುತ್ತೇನೆ. ಈಕೆ ಜರ್ಮನಿಯವಳು, ಹೆಸರು ಹಾನಾ ಹೋಖ್. ಪತ್ರಿಕೆಗಳಿಗೆ ವಿನ್ಯಾಸ ಮಾಡಿ ಹೊಟ್ಟೆ ಹೊರೆದವಳು, ಕತ್ತರಿ-ಅಂಟಿನಿಂದ ಚಿತ್ರ ಮಾಡಿ ಹೆಸರಾದವಳು. ಈಕೆಯ ಕಥೆಯನ್ನು ನಿಮಗೇ ಹೇಳಬೇಕೆನಿಸಲು ಒಂದು ಕಾರಣವಿದೆ. ಈಕೆ ಹತ್ತು ವರ್ಷ ಕೆಲಸ ಮಾಡಿದ್ದು ನೀವು ಈಗ ಕೈಯಲ್ಲಿ ಹಿಡಿದಿರುವಂಥ ಹೆಂಗಸರ ಪತ್ರಿಕೆಗಳಿಗೇ! ಹೆಣಿಗೆ, ಕ್ರೋಶಾ, ಕಸೂತಿಯ ಮಾದರಿಗಳನ್ನು ಬರೆದುಕೊಡುವ ಕೆಲಸ.

1889ರ ನವೆಂಬರ್ 1ರಂದು ಗೋಟಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ತಂದೆ ವಿಮಾ ಕಂಪನಿಯಲ್ಲಿ ಅಧಿಕಾರಿ. ಐದು ಮಕ್ಕಳಲ್ಲಿ ಇವಳೇ ಹಿರಿಯಳು. ಹಿರಿಯ ಮಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ ನೋಡಿ. ಹದಿನೈದು ವರ್ಷಕ್ಕೆ ಶಾಲೆ ಬಿಡಿಸಿದರು, ಹೊಸದಾಗಿ ಹುಟ್ಟಿದ ತಂಗಿಯನ್ನು ಆಡಿಸಲು. ಅಲ್ಲಿಂದ ಕೆಲವು ವರ್ಷ ತೊಟ್ಟಿಲು, ಹಾಲು, ಮನೆಗೆಲಸ. ಕಡೆಗೆ 1912ರಲ್ಲಿ, ಇಪ್ಪತ್ತೆರಡು ತುಂಬಿದ ಮೇಲೆ, ಹಟ ಹಿಡಿದು ಬರ್ಲಿನ್ನಿಗೆ ಹೊರಟಳು. ಚಿತ್ರಕಲೆ ಕಲಿಯುವ ಆಸೆ. ಆದರೆ ತಂದೆಗೆ ಸಮಾಧಾನವಾಗಲೆಂದು ಕುಶಲಕಲೆಯ ಶಾಲೆ ಸೇರಿ ಗಾಜಿನ ವಿನ್ಯಾಸ ಹಿಡಿದಳು. ಚಿತ್ರ ಬರೆದರೆ ಅನ್ನ ಹುಟ್ಟುತ್ತದೆಯೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಮಾತ್ರ ಕೇಳುವುದಲ್ಲ. 1914ರಲ್ಲಿ ಮಹಾಯುದ್ಧ ಬಂದು ಶಾಲೆ ನಿಂತಿತು. ಊರಿಗೆ ಮರಳಿ ರೆಡ್‌ಕ್ರಾಸ್ ಸೇವೆಯಲ್ಲಿದ್ದು, ಮರುವರ್ಷ ಮತ್ತೆ ಬರ್ಲಿನ್ನಿಗೆ ಹೋಗಿ ಎಮಿಲ್ ಓರ್ಲಿಕ್ ಎಂಬ ಗುರುವಿನ ಕೈಕೆಳಗೆ ಮುದ್ರಣದ ಚಿತ್ರಕಲೆ ಕಲಿತಳು.

1916ರಲ್ಲಿ ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಕೈಕಸುಬಿನ ವಿಭಾಗದಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ಮೂರು ದಿನ. ಉಳಿದ ದಿನ ತನ್ನದು. 1926ರ ತನಕ ಇದೇ ಅವಳ ಅನ್ನದ ದಾರಿ. ಮೇಜುವಸ್ತ್ರದ ಅಂಚು, ದಿಂಬಿನ ಚೀಲದ ಹೂವು, ಲೇಸಿನ ಮಾದರಿ ಎಲ್ಲವನ್ನೂ ಅಳತೆಯ ಕಾಗದದಲ್ಲಿ ಗೆರೆ ಎಳೆದು ಕೊಡಬೇಕು. ಓದುಗರು ಅದನ್ನು ಮನೆಯಲ್ಲಿ ಹಾಕಿಕೊಳ್ಳಬೇಕು. ಈ ಕೆಲಸ ಕೀಳೆಂದು ಅವಳಿಗೆ ಎಂದೂ ಅನಿಸಲಿಲ್ಲ. 1918ರಲ್ಲಿ ಕಸೂತಿಯ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ಅವಳು ಹೇಳಿದ್ದರ ತಾತ್ಪರ್ಯ ಇಷ್ಟು: ಸೂಜಿ ಹಿಡಿದ ಹೆಂಗಸರೇ, ಹಳೆಯದನ್ನು ನಕಲು ಮಾಡುತ್ತ ಕೂಡಬೇಡಿ, ನೀವು ಹಾಕುವ ಕಸೂತಿಯಲ್ಲಿ ನಿಮ್ಮ ಕಾಲವೇ ದಾಖಲಾಗುತ್ತದೆ ಎಂಬುದನ್ನು ತಿಳಿದಿರಿ.

ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ಎಳೆ ಎಣಿಸಿ ಕಸೂತಿ ಹಾಕುವ ನಮ್ಮ ಧಾರವಾಡ ಸೀಮೆಯವರಿಗೆ ಈ ಮಾತು ಬೇರೆ ಬಿಡಿಸಿ ಹೇಳಬೇಕೆ? ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ ಪತ್ತಲದ ಸೆರಗಿಗೆ ಬಂದದ್ದು ಹಾಕುವವರ ಕಣ್ಣ ಮುಂದೆ ಅವು ಇದ್ದುದರಿಂದಲೇ. ಈಗ ಗದಗಿನ ಸುತ್ತ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅವನ್ನು ಮೆಂತೆ ಹೊಲಿಗೆಯಲ್ಲಿ ತಂದವರು ಯಾರಾದರೂ ಇದ್ದಾರೆಯೇ? ನನಗಂತೂ ನೋಡುವ ಆಸೆಯಿದೆ.

ಗೋಡೆಯ ಮೇಲಿನ ಸಿಪಾಯಿ

1918ರ ಬೇಸಿಗೆಯಲ್ಲಿ ಹಾನಾ ಸಮುದ್ರದಂಡೆಯ ಒಂದು ಹಳ್ಳಿಗೆ ಹೋಗಿದ್ದಳು. ಜೊತೆಗೆ ರಾವುಲ್ ಹೌಸ್ಮನ್ ಎಂಬ ಕಲಾವಿದ. ಅವನು ಆಗಲೇ ಹೆಂಡತಿ, ಮಗಳಿದ್ದವನು. ಏಳು ವರ್ಷದ ಆ ನಂಟು ಹಾನಾಳಿಗೆ ಸುಖಕ್ಕಿಂತ ನೋವು ಕೊಟ್ಟದ್ದೇ ಹೆಚ್ಚು, ಅದನ್ನಿಲ್ಲಿ ಬೆಳೆಸುವುದಿಲ್ಲ. ಆ ಹಳ್ಳಿಯಲ್ಲಿ ಇಳಿದುಕೊಂಡ ಮನೆಯ ಗೋಡೆಗೆ ಒಂದು ಬಣ್ಣದ ಪಟ ತೂಗುಹಾಕಿತ್ತು. ಸೈನ್ಯಕ್ಕೆ ಹೋದವರ ನೆನಪಿಗಾಗಿ ಅಚ್ಚು ಹಾಕಿಸುತ್ತಿದ್ದ ಪಟ. ದೇಹ, ಉಡುಪು, ಪದಕ ಎಲ್ಲ ಮೊದಲೇ ಛಾಪಿಸಿದ್ದು. ಮುಖ ಮಾತ್ರ ಆಯಾ ಮನೆಯ ಹುಡುಗನ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು!

ನಿಮಗೆ ಇದು ಹೊಸದೆನಿಸಲಿಕ್ಕಿಲ್ಲ. ನಮ್ಮ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ತೀರಿಹೋದ ಅಜ್ಜ-ಅಜ್ಜಿಯರ ಬೇರೆ ಬೇರೆ ಫೋಟೋಗಳನ್ನು ಕೂಡಿಸಿ, ಒಂದೇ ಸೋಫಾದ ಮೇಲೆ ಕೂರಿಸಿ, ಹಿಂದೆ ತಾಜಮಹಲು ಹಾಕಿ ಕೊಟ್ಟದ್ದನ್ನು ನೋಡಿದ್ದೀರಲ್ಲ? ಬದುಕಿದ್ದಾಗ ಒಮ್ಮೆಯೂ ಜೋಡಿಯಾಗಿ ಕುಳಿತು ಫೋಟೋ ತೆಗೆಸದವರನ್ನು ಕತ್ತರಿ ಒಂದು ಮಾಡಿತು. ಆದರೆ ಹಾನಾ ಮತ್ತು ಹೌಸ್ಮನ್ ಇಬ್ಬರಿಗೂ ಆ ಪಟದಲ್ಲಿ ಇನ್ನೊಂದು ಸಾಧ್ಯತೆ ಹೊಳೆಯಿತು. ಪತ್ರಿಕೆಗಳಲ್ಲಿ ದಿನಾ ಬರುವ ರಾಜ, ಮಂತ್ರಿ, ಸೇನಾಪತಿಗಳ ಫೋಟೋಗಳ ತಲೆಯನ್ನು ಕತ್ತರಿಸಿ ಬೇರೆ ಮೈಗೆ ಅಂಟಿಸಿದರೆ? ಯುದ್ಧದಲ್ಲಿ ದೇಶ ಮಣ್ಣುಪಾಲಾಗಿತ್ತು. ಅದಕ್ಕೆ ಕಾರಣರಾದವರು ಮಾತ್ರ ಪುಟ ಪುಟದಲ್ಲೂ ಮೀಸೆ ತಿರುವುತ್ತ ನಿಂತಿದ್ದರು. ಅವರನ್ನು ನಗೆಪಾಟಲು ಮಾಡಲು ಇದಕ್ಕಿಂತ ಸುಲಭ ಉಪಾಯ ಯಾವುದು?

ಬರ್ಲಿನ್ನಿನಲ್ಲಿ ಆಗ 'ದಾದಾ' ಎಂಬ ಕಲಾವಿದರ ಗುಂಪಿತ್ತು. ನಮ್ಮ ಕಡೆ ದಾದಾ ಎಂದರೆ ಗಲ್ಲಿಯ ಜೋರಿನವನು. ಅವರೂ ಹೆಚ್ಚುಕಡಿಮೆ ಹಾಗೇ ಇದ್ದರೆನ್ನಿ! ದೊಡ್ಡವರ ಮಾತಿಗೆಲ್ಲ ಎದುರು ಹೇಳುವುದು, ಶಿಷ್ಟಾಚಾರವನ್ನು ಗೇಲಿ ಮಾಡುವುದು ಅವರ ಕಸುಬು. 1920ರಲ್ಲಿ ಅವರದೊಂದು ದೊಡ್ಡ ಪ್ರದರ್ಶನ ನಡೆಯಿತು. ಹಾನಾಳ ಚಿತ್ರಗಳನ್ನು ಇಡಬೇಕೋ ಬೇಡವೋ ಎಂದು ಗ್ರೋಸ್, ಹಾರ್ಟ್‌ಫೀಲ್ಡ್ ಎಂಬ ಗುಂಪಿನ ಹಿರಿಮಣಿಗಳು ತಕರಾರು ತೆಗೆದರು. ಹಾಗಾದರೆ ನನ್ನವನ್ನೂ ತೆಗೆದುಕೊಂಡು ಹೋಗುತ್ತೇನೆ ಎಂದು ಹೌಸ್ಮನ್ ಪಟ್ಟುಹಿಡಿದ ಮೇಲೆಯೇ ಜಾಗ ಸಿಕ್ಕಿದ್ದು. ಸಮಾಜದ ಕಟ್ಟಳೆಗಳನ್ನೆಲ್ಲ ಮುರಿಯಹೊರಟ ಗಂಡಸರು, ಹೆಂಗಸಿಗೆ ಗೋಡೆಯ ಮೇಲೆ ಎರಡು ಮೊಳ ಜಾಗ ಕೊಡಲು ಹಿಂದೆಗೆದರು. ಮುಂದೆ ಎಷ್ಟೋ ವರ್ಷಗಳ ಮೇಲೆ ಹಾನ್ಸ್ ರಿಕ್ಟರ್ ಎಂಬ ಇನ್ನೊಬ್ಬ ಸಂಗಡಿಗ ನೆನಪುಗಳನ್ನು ಬರೆದಾಗ ಇವಳ ವಿಷಯವಾಗಿ ಮೆಚ್ಚಿ ಬರೆದದ್ದೇನು ಗೊತ್ತೆ? ಹಣದ ಮುಗ್ಗಟ್ಟಿನಲ್ಲೂ ಬಂದವರಿಗೆಲ್ಲ ಹೇಗೋ ತಿಂಡಿ, ಬಿಯರು, ಕಾಫಿ ಒದಗಿಸುತ್ತಿದ್ದ ಒಳ್ಳೆಯ ಹುಡುಗಿ ಎಂದು! ಓದಿ ನನಗೆ ನಗು ಬಂತು, ಸಿಟ್ಟೂ ಬಂತು. ಮನೆಗೆ ಹತ್ತು ಜನ ಬಂದು ಗಂಟೆಗಟ್ಟಲೆ ಸಾಹಿತ್ಯ, ರಾಜಕಾರಣ ಚರ್ಚಿಸಿ, ಒಳಗಿನಿಂದ ಬಂದ ಮಂಡಾಳ-ಮಿರ್ಚಿ ತಿಂದು ಎದ್ದುಹೋಗುವುದನ್ನು ನೋಡಿದವರಿಗೆ ಹೆಚ್ಚು ಹೇಳುವುದು ಬೇಡ.

ಹಾನಾಳೂ ಸುಮ್ಮನಿರುವವಳಲ್ಲ. ಸುಮಾರು ಅದೇ ಕಾಲಕ್ಕೆ 'ಚಿತ್ರಕಾರ' ಎಂಬ ಸಣ್ಣ ಕಥೆ ಬರೆದಳು. ಒಬ್ಬ ಮಹಾ ಕಲಾವಿದ. ನಾಲ್ಕು ವರ್ಷದಲ್ಲಿ ನಾಲ್ಕು ಸಲ ಹೆಂಡತಿ ಅವನಿಗೆ ಪಾತ್ರೆ ತೊಳೆಯಲು ಹೇಳಿದಳು. ಅಷ್ಟಕ್ಕೇ ಅವನ ಆತ್ಮಕ್ಕೆ ಗಾಯವಾಗಿ, ಪ್ರತಿಭೆಯೇ ಕುಸಿದುಬಿತ್ತು!

ಆ ಪ್ರದರ್ಶನದಲ್ಲಿಟ್ಟ ಅವಳ ದೊಡ್ಡ ಚಿತ್ರಕ್ಕೆ ಒಂದು ಮಾರುದ್ದದ ಹೆಸರು. ಅದರಲ್ಲಿ ಮುಖ್ಯವಾದದ್ದು 'ಅಡಿಗೆಮನೆಯ ಚಾಕುವಿನಿಂದ ಕೊಯ್ದದ್ದು' ಎಂಬ ಮಾತು. ಜರ್ಮನಿಯ ಹೊಟ್ಟೆಬಾಕ ಕಾಲವನ್ನು ಆ ಚಾಕುವಿನಿಂದ ಕೊಯ್ದು ತೋರಿಸುತ್ತೇನೆ ಎಂಬ ಅರ್ಥ. ಸುಮಾರು ಮೂರೂ ಮುಕ್ಕಾಲು ಅಡಿ ಎತ್ತರ, ಮೂರು ಅಡಿ ಅಗಲ. ಅದರೊಳಗೆ ಚಕ್ರವರ್ತಿಯ ಮುಖ, ಐನ್‌ಸ್ಟೈನರ ಮುಖ, ಯಂತ್ರದ ಹಲ್ಲುಗಾಲಿ, ಗುಂಪು ಗುಂಪು ಜನ, ಪತ್ರಿಕೆಯ ಅಕ್ಷರಗಳು. ನಟ್ಟನಡುವೆ ಒಬ್ಬ ನರ್ತಕಿಯ ಮೈ, ಅದರ ಮೇಲೆ ತೇಲುವಂತೆ ಕ್ಯಾಥೆ ಕೊಲ್‌ವಿಟ್ಸ್ ಎಂಬ ಹಿರಿಯ ಕಲಾವಿದೆಯ ತಲೆ. ಬಲಕ್ಕೆ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ನಕಾಶೆ ಇದೆ. ಯುರೋಪಿನ ಯಾವ ಯಾವ ದೇಶದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದಿದೆ ಎಂದು ತೋರಿಸುವ ನಕಾಶೆ. ಜರ್ಮನಿಯ ಹೆಂಗಸರು ಮೊದಲ ಸಲ ಮತ ಹಾಕಿದ್ದು 1919ರ ಜನವರಿಯಲ್ಲಿ. ಆ ನಕಾಶೆಯ ಅಂಚಿಗೆ, ಬೆರಳ ತುದಿಯಷ್ಟು ಚಿಕ್ಕದಾಗಿ, ತನ್ನದೇ ಮುಖ ಅಂಟಿಸಿದ್ದಾಳೆ. ಸಹಿ ಹಾಕುವ ಜಾಗದಲ್ಲಿ!

ಮತದ ಮಾತು ಬಂದಾಗ ನಮ್ಮ ದೇಶದ್ದೊಂದು ನೆನಪಾಯಿತು, ಹೇಳಿಬಿಡುತ್ತೇನೆ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಹೋದಾಗ, ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಬಹಳ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಸಿದರು. ಹಾಗೆ ಬರೆದರೆ ನಡೆಯುವುದಿಲ್ಲ, ಸ್ವಂತ ಹೆಸರು ಬೇಕೆಂದು ಚುನಾವಣಾ ಆಯೋಗ ಹೇಳಿತು. ಕಡೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕೌದಿಯ ಮೇಲೆ ಹೆಸರಿಲ್ಲ ಎಂದರೆ ಅದೇನು ಮಹಾ ಎಂದುಕೊಳ್ಳುವವರು ಈ ಲೆಕ್ಕವನ್ನು ಒಂದಿಷ್ಟು ಯೋಚಿಸಬೇಕು.

ಬಾವಿಯಂಥ ವರ್ಷಗಳು

ಹಾನಾ ತನ್ನ ಆಫೀಸಿನ ಕೆಲಸವನ್ನೂ ಚಿತ್ರವನ್ನೂ ಬೇರೆ ಬೇರೆ ಇಡಲಿಲ್ಲ. ಹೊಲಿಗೆಯ ಮಾದರಿ ಕಾಗದವನ್ನೇ ಕತ್ತರಿಸಿ 'ದರ್ಜಿಯ ಹೂವು' ಮಾಡಿದಳು. ಲೇಸಿನ ಮಾದರಿಗಳನ್ನು ಜೋಡಿಸಿ ಒಂದು ಲೇಸ್ ಅಂಗಿಗೆ ಸ್ಮಾರಕ ಕಟ್ಟಿದಂತೆ ಇನ್ನೊಂದು ಚಿತ್ರ ಮಾಡಿದಳು. ಗಂಡಸರು ಸೇನಾಪತಿಗಳಿಗೆ ಸ್ಮಾರಕ ಕಟ್ಟಿದರೆ ಇವಳು ಅಂಗಿಗೆ ಕಟ್ಟಿದಳು! 1929ರಲ್ಲಿ ಹಾಲೆಂಡಿನ ಹೇಗ್ ನಗರದಲ್ಲಿ ಮೊದಲ ಬಾರಿ ಅವಳೊಬ್ಬಳದೇ ಪ್ರದರ್ಶನವಾಯಿತು. ಆಗ ಅವಳು ಬರೆದುಕೊಂಡದ್ದು, ಜಗತ್ತು ಇವತ್ತು ಇರುವೆಯ ಕಣ್ಣಿಗೆ ಹೇಗೆ ಕಂಡೀತು, ನಾಳೆ ಚಂದ್ರನ ಕಣ್ಣಿಗೆ ಹೇಗೆ ಕಂಡೀತು ಎಂದು ತೋರಿಸುವ ಆಸೆ ತನಗೆ ಎಂದು. ನಾವು ಮನುಷ್ಯರು ಎಲ್ಲದರ ಸುತ್ತ ಹಾಕಿಕೊಂಡಿರುವ ಬೇಲಿಗಳನ್ನು ಅಳಿಸಬೇಕೆಂಬುದು ಅವಳ ಹಂಬಲ.

1933ರಲ್ಲಿ ನಾಜಿಗಳು ಬಂದರು. ಇಂಥ ಕಲೆಯನ್ನೆಲ್ಲ ಕುಲಗೆಟ್ಟದ್ದು ಎಂದು ಕರೆದರು. ಗೆಳೆಯರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಇವಳು ಬಿಡಲಿಲ್ಲ. 1938ರಲ್ಲಿ ತನಗಿಂತ ಬಹಳ ಚಿಕ್ಕವನೊಬ್ಬನನ್ನು ಮದುವೆಯಾದಳು, ಅದು ಆರು ವರ್ಷದಲ್ಲಿ ಮುರಿಯಿತು. 1939ರಲ್ಲಿ ಬರ್ಲಿನ್ನಿನ ಅಂಚಿನಲ್ಲಿ, ಹೈಲಿಗೆನ್‌ಸೇ ಎಂಬಲ್ಲಿ, ಹಿತ್ತಲಿರುವ ಒಂದು ಪುಟ್ಟ ಮನೆ ಕೊಂಡಿದ್ದಳು. ಅದೇ ಅವಳನ್ನು ಕಾಯ್ದದ್ದು. ತನ್ನ ಚಿತ್ರ, ಗೆಳೆಯರ ಚಿತ್ರ, ಪತ್ರ, ಪುಸ್ತಕ, ಎಲ್ಲವನ್ನೂ ಆ ಮನೆಯಲ್ಲಿ ಬಚ್ಚಿಟ್ಟಳು. ಯಾರಾದರೂ ಚಾಡಿ ಹೇಳಿದ್ದರೆ ಜೀವಕ್ಕೇ ಸಂಚಕಾರ. ಯುದ್ಧದ ದಿನಗಳಲ್ಲಿ ಹಿತ್ತಲ ಕಾಯಿಪಲ್ಯೆ ಅವಳ ಹೊಟ್ಟೆ ತುಂಬಿಸಿತು. ಆ ಗುಂಪಿನ ಎಷ್ಟೋ ಕಾಗದಪತ್ರ ಇಂದು ಬರ್ಲಿನ್ನಿನ ಸಂಗ್ರಹಾಲಯದಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಇದೇ 'ತಿಂಡಿ ಕೊಡುವ ಹುಡುಗಿ'.

1945ರಲ್ಲಿ ಬಾಂಬುಗಳ ಸದ್ದು ಅಡಗಿದ ಮೇಲೆ ಅವಳು ಮಾಡಿದ ಕೆಲಸಗಳಲ್ಲಿ ಒಂದು ಮಕ್ಕಳ ಚಿತ್ರಪುಸ್ತಕ! ಹೂವು, ಗರಿ, ಎಲೆಗಳ ಫೋಟೋ ಕತ್ತರಿಸಿ ಮಾಡಿದ ವಿಚಿತ್ರ ಪ್ರಾಣಿಗಳು, ಪ್ರತಿಯೊಂದಕ್ಕೂ ಒಂದು ಪುಟ್ಟ ಪದ್ಯ. ಅವಳು ಬದುಕಿರುವ ತನಕ ಅದು ಅಚ್ಚಾಗಲಿಲ್ಲ. ಎಂಬತ್ತು ದಾಟಿದ ಮೇಲೆ, 1972-73ರಲ್ಲಿ, ತನ್ನ ಇಡೀ ಬದುಕನ್ನು ಫೋಟೋಗಳ ತುಂಡುಗಳಿಂದ ಒಂದೇ ದೊಡ್ಡ ಚಿತ್ರದಲ್ಲಿ ಕೂಡಿಸಿದಳು. 1976ರಲ್ಲಿ ಪ್ಯಾರಿಸ್ ಮತ್ತು ಬರ್ಲಿನ್ನಿನಲ್ಲಿ ಅವಳ ಚಿತ್ರಗಳ ದೊಡ್ಡ ಪ್ರದರ್ಶನ ನಡೆದಾಗ ವಯಸ್ಸು ಎಂಬತ್ತಾರು. 1978ರ ಮೇ 31ರಂದು ತೀರಿಕೊಂಡಳು.

ನಮ್ಮ ಹುಡುಗಿಯರಿಗೊಂದು ಮಾತು

ಕಂಪ್ಯೂಟರ್ ಬರುವ ಮೊದಲು ಮುದ್ರಣಾಲಯಗಳಲ್ಲಿ ಪುಟ ಕಟ್ಟುವವರು ನಿಜಕ್ಕೂ ಕತ್ತರಿ, ಅಂಟು ಹಿಡಿದೇ ಕೂಡುತ್ತಿದ್ದರು. ಅಕ್ಷರದ ಪಟ್ಟಿ ಕತ್ತರಿಸಿ, ಚಿತ್ರ ಕತ್ತರಿಸಿ, ರಟ್ಟಿನ ಮೇಲೆ ಅಳತೆ ನೋಡಿ ಅಂಟಿಸಿ, ಅದನ್ನು ಕ್ಯಾಮರಾಕ್ಕೆ ಕೊಡುವುದು. ಮೊಬೈಲಿನಲ್ಲಿ ನಾವೀಗ ಒತ್ತುವ 'ಕಟ್', 'ಪೇಸ್ಟ್' ಎಂಬ ಮಾತು ಬಂದದ್ದು ಅಲ್ಲಿಂದಲೇ. ಈಗ ಲಗ್ನಪತ್ರಿಕೆ, ಅಂಗಡಿಯ ಫಲಕ, ಸೀರೆ ಡಬ್ಬಿಯ ಮುಚ್ಚಳದ ವಿನ್ಯಾಸವನ್ನು ಮನೆಯಲ್ಲೇ ಕುಳಿತು ಮಾಡಿಕೊಡುವ ಹುಡುಗಿಯರು ಸಣ್ಣ ಊರುಗಳಲ್ಲೂ ಇದ್ದಾರೆ. ಬಹಳ ಸಂತೋಷ. ಆದರೆ ಅವರಲ್ಲಿ ಹೆಚ್ಚಿನವರಿಗೆ ಎರಡು ಮಾತು ಬಾಯಲ್ಲಿ ಬರುವುದಿಲ್ಲ. ಒಂದು, ಕೆಲಸಕ್ಕೆ ಕೈ ಹಚ್ಚುವ ಮೊದಲೇ ದರ ಹೇಳುವುದು. ಇನ್ನೊಂದು, ಮೂಲೆಯಲ್ಲಿ ಸಣ್ಣಗೆ ತನ್ನ ಹೆಸರು ಹಾಕುವುದು. "ನಮ್ಮವರೇ ಅಲ್ಲೇನವಾ, ಒಂದು ಕಾರ್ಡು ಮಾಡಿಕೊಡು" ಎಂದು ಬರುವ ದೊಡ್ಡಮ್ಮ, ಚಿಕ್ಕಪ್ಪಂದಿರಿಗೆ ಇಲ್ಲವೆನ್ನಬೇಡಿ. ಕಾರ್ಡಿನ ಕೆಳಗೆ ಹೆಸರು ಮಾತ್ರ ಇರಲಿ. ಮನೆಯಲ್ಲಿ ಇಂಥ ಮಗಳೋ ಸೊಸೆಯೋ ಇದ್ದರೆ, ದರ ಹೇಳುವಾಗ ನೀವು ಪಕ್ಕದಲ್ಲಿ ಕುಳಿತಿರಿ. ಅರ್ಧ ಧೈರ್ಯ ಅಷ್ಟಕ್ಕೇ ಬರುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಇಷ್ಟೆಲ್ಲ ಓದಿದ ಮೇಲೆ ಕೈ ತುರಿಸದಿದ್ದರೆ ಹೇಗೆ? ಸಾಮಾನು ಎಲ್ಲ ಮನೆಯಲ್ಲೇ ಇದೆ. ಹೋದ ವರ್ಷದ ಕ್ಯಾಲೆಂಡರು, ಹಳೆಯ ಲಗ್ನಪತ್ರಿಕೆ, ಬೀಜದ ಪಾಕೀಟು, ಊದುಬತ್ತಿ ಡಬ್ಬಿ, ಸೀರೆಯೊಳಗಿನ ರಟ್ಟು. ಸುದ್ದಿ ಪತ್ರಿಕೆಯ ಕಾಗದ ಮಾತ್ರ ಬೇಡ. ಅದು ಮರದ ತಿರುಳಿನದು, ಬಿಸಿಲು ಗಾಳಿಗೆ ವರ್ಷದೊಳಗೆ ಅರಿಸಿನಕ್ಕೆ ತಿರುಗಿ ಪುಡಿಯಾಗುತ್ತದೆ. ಕ್ಯಾಲೆಂಡರಿನ ನುಣುಪು ಕಾಗದ ಬಾಳಿಕೆ ಬರುತ್ತದೆ. ಅಕ್ಷರ ಬೇಕೆನಿಸಿದರೆ ಲಗ್ನಪತ್ರಿಕೆಯ ಬಂಗಾರದ ಬಣ್ಣದ ಅಕ್ಷರ ಬಹಳ ಚೆಲುವು.

ಅಂಟು ಹೀಗೆ ಮಾಡಿಕೊಳ್ಳಿ. ಒಂದು ಬಟ್ಟಲು ಮೈದಾಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಇನ್ನೊಂದು ಪಾತ್ರೆಯಲ್ಲಿ ನಾಲ್ಕು ಬಟ್ಟಲು ನೀರು ಕುದಿಯಲು ಬಂದಾಗ ಇದನ್ನು ಸಣ್ಣ ಧಾರೆಯಾಗಿ ಬಿಡುತ್ತ ಕೈಬಿಡದೆ ತಿರುವಿ, ಅಂಬಲಿ ಮಾಡುವ ಹಾಗೆ. ಬಿಳುಪು ಹೋಗಿ ಗಾಜಿನಂತೆ ಹೊಳಪು ಬಂದ ಮೇಲೆ ಇಳಿಸಿ, ಆರಿದ ಬಳಿಕ ತೆಳುಬಟ್ಟೆಯಲ್ಲಿ ಸೋಸಿ. ಹುಳ ಬೀಳದಿರಲೆಂದು ಕೆಲವರು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಸಹವಾಸವೇ ಬೇಡ. ಬಹಳ ದಿನ ಉಳಿಯಬೇಕಾದ ಚಿತ್ರಕ್ಕೆ ಅಂಗಡಿಯ ಫೆವಿಕಾಲ್‌ಗೆ ತುಸು ನೀರು ಬೆರೆಸಿಕೊಳ್ಳುವುದೇ ಲೇಸು.

ಮೊದಲು ಎಲ್ಲ ತುಂಡುಗಳನ್ನು ಅಂಟಿಲ್ಲದೆ ರಟ್ಟಿನ ಮೇಲೆ ಇಡಿ. ಮಕ್ಕಳ ಕೈಗೆ ಸಿಗದ ಕಡೆ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದು ನೋಡಿದಾಗ ಎರಡು ತುಂಡಾದರೂ ಜಾಗ ಬದಲಿಸುತ್ತವೆ, ನೋಡಿ ಬೇಕಾದರೆ! ಮೊದಲ ಸಲಕ್ಕೆ ಮೇರಿ ಡಿಲೇನಿಯ ಹಾಗೆ ಕಪ್ಪು ಕಾಗದ ಹಾಸಿಕೊಂಡರೆ ಸುಲಭ, ಯಾವ ಬಣ್ಣವಿಟ್ಟರೂ ಎದ್ದು ಕಾಣುತ್ತದೆ. ಅಂಟನ್ನು ತೆಳುವಾಗಿ, ತುಂಡಿನ ಬೆನ್ನಿಗೆ ಅಂಚಿನ ತನಕ ಹಚ್ಚಿ. ನಡುವಿನಿಂದ ಹೊರಕ್ಕೆ ಬಟ್ಟೆಯಿಂದ ಒತ್ತಿದರೆ ಗುಳ್ಳೆ ಏಳುವುದಿಲ್ಲ. ಮೇಲೊಂದು ಸ್ವಚ್ಛ ಕಾಗದ ಹಾಸಿ, ಅದರ ಮೇಲೆ ಮಣೆಯಿಟ್ಟು, ಮಣೆಯ ಮೇಲೆ ಒರಳುಗುಂಡೋ ಜೋಳದ ಡಬ್ಬಿಯೋ ಹೇರಿ ಒಂದು ದಿನ ಬಿಟ್ಟರೆ ರಟ್ಟು ಸೊಟ್ಟಗಾಗದು. ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಮೈದಾ ಅಂಟಿನ ಪಾತ್ರೆಯನ್ನು ಮಾತ್ರ ಆಗಿಂದಾಗಲೇ ನೀರಲ್ಲಿ ನೆನೆಹಾಕಿ. ಒಣಗಿದ ಮೇಲೆ ತಿಕ್ಕುವುದು ಯಾರ ಪಾಲಿಗೆ ಬರುತ್ತದೆಂದು ನಿಮಗೇ ಗೊತ್ತಲ್ಲ!